ಗುಡ್ಡ ಸುತ್ತುವ ಗಿಡ್ಡ, ಕೊಟ್ಟಿಗೆಯ ಜರ್ಸಿ: ಯಾವುದಕ್ಕೆ ಎಷ್ಟು ಶಕ್ತಿ ಬೇಕು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಎರಡು ಮಲೆನಾಡು ಗಿಡ್ಡ, ಒಂದು ಜರ್ಸಿ ಕ್ರಾಸ್ ಇವೆ. ಬೆಳಿಗ್ಗೆ ಹಾಲು ಕರೆದು ಬಿಟ್ಟರೆ ಗಿಡ್ಡಗಳು ಗುಡ್ಡ, ಬ್ಯಾಣ ಎಲ್ಲ ಸುತ್ತಿಕೊಂಡು ಸಂಜೆಗೆ ತಾವಾಗಿಯೇ ಬರುತ್ತವೆ. ಜರ್ಸಿ ಕಟ್ಟಿದ ಜಾಗದಲ್ಲೇ ಇರುತ್ತದೆ. ಆದರೂ ಹುಲ್ಲು, ಹಿಂಡಿ ಎಲ್ಲ ಅದಕ್ಕೇ ಹೆಚ್ಚು ಬೇಕು. ಅಷ್ಟು ನಡೆಯುವ ಗಿಡ್ಡಕ್ಕೆ ಕಡಿಮೆಯಲ್ಲೇ ಸಾಕಾಗುವುದು ಹೇಗೆ? ಮಗಳ ಹತ್ತಿರ ಹೆಜ್ಜೆ, ಕ್ಯಾಲೊರಿ ತೋರಿಸುವ ವಾಚ್ ಇದೆ. ಅದನ್ನು ದನದ ಕೊರಳಿಗೆ ಕಟ್ಟಿದರೆ ಲೆಕ್ಕ ಸಿಗುತ್ತದೆಯೇ? ಸಕ್ರೆಬೈಲಿನ ಆನೆ, ಆಗುಂಬೆಯ ಕಾಳಿಂಗ ಸರ್ಪ ಇಂಥವುಗಳ ಶಕ್ತಿಯ ಖರ್ಚನ್ನು ವಿಜ್ಞಾನಿಗಳು ಹೇಗೆ ಅಳೆಯುತ್ತಾರೆ ಸರ್?

ಉತ್ತರ:

ವಾಚಿನ ವಿಷಯ ಮೊದಲು. ಕಟ್ಟಿದರೆ ಅಂಕಿ ಖಂಡಿತ ಬರುತ್ತದೆ, ಆದರೆ ಅದು ನಿಮ್ಮ ಹಸುವಿನ ಅಂಕಿಯಾಗಿರುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ತಿಳಿದಿರಬೇಕಾದ ಒಂದು ಸಂಗತಿ ಇದೆ. ಮನೆಗೆ ಬಂದ ಕರೆಂಟನ್ನು ಮೀಟರು ತೋರಿಸುವ ಹಾಗೆ ಪ್ರಾಣಿ ಖರ್ಚು ಮಾಡಿದ ಶಕ್ತಿಯನ್ನು ತೋರಿಸುವ ಯಂತ್ರ ಯಾರ ಬಳಿಯೂ ಇಲ್ಲ. ಅಳೆಯುವುದು ಬೇರೆ ಯಾವುದನ್ನೋ: ಮೈಯಿಂದ ಹೊರಟ ಶಾಖ, ಒಳಗೆ ಎಳೆದುಕೊಂಡ ಆಮ್ಲಜನಕ, ಹೊರಗೆ ಬಿಟ್ಟ ಇಂಗಾಲದ ಡೈಆಕ್ಸೈಡ್, ಎದೆಬಡಿತ, ಇಲ್ಲವೇ ಮೈಯ ಅಲುಗಾಟ. ಅದರಿಂದ ಶಕ್ತಿಗೆ ಲೆಕ್ಕ ಕಟ್ಟುತ್ತೇವೆ. ಆದ್ದರಿಂದ ಯಾವುದೇ ಪ್ರಾಣಿ ದಿನಕ್ಕೆ ಇಷ್ಟು ಕ್ಯಾಲೊರಿ ಸುಡುತ್ತದೆ ಎಂದು ಓದಿದಾಗ ನಾನು ಮೊದಲು ಹುಡುಕುವುದು ಎರಡೇ ಸಂಗತಿ. ಅಳೆದದ್ದು ಏನನ್ನು? ಅಳೆಯುವಾಗ ಪ್ರಾಣಿ ಯಾವ ಸ್ಥಿತಿಯಲ್ಲಿತ್ತು?

ಎರಡನೆಯ ಪ್ರಶ್ನೆಯ ತೊಡಕು ಈ ವಿದ್ಯೆಯ ಮೊದಲ ಪ್ರಯೋಗದಲ್ಲೇ ಇತ್ತು. 1782-83ರ ಚಳಿಗಾಲದಲ್ಲಿ ಪ್ಯಾರಿಸ್‌ನಲ್ಲಿ ಲವಾಸಿಯೆ ಮತ್ತು ಲಪ್ಲಾಸ್ ಒಂದು ಗಿನಿಪಿಗ್ಗನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಇಟ್ಟರು. ಹೊರಗಿನ ಶಾಖ ತಾಗದಂತೆ ಅದರಾಚೆಗೆ ಮತ್ತೊಂದು ಪದರ ಮಂಜುಗಡ್ಡೆ. ಒಳಪದರದಲ್ಲಿ ಎಷ್ಟು ಕರಗಿತೋ ಅಷ್ಟು ಶಾಖ ಪ್ರಾಣಿಯಿಂದ ಬಂತು ಎಂದು ಲೆಕ್ಕ. ಹತ್ತು ಗಂಟೆಯಲ್ಲಿ 13 ಔನ್ಸಿನಷ್ಟು ಕರಗಿತು. ಆ ಗಿನಿಪಿಗ್ ಉಸಿರಿನಲ್ಲಿ ಬಿಡುವಷ್ಟೇ ಇಂಗಾಲದ ಡೈಆಕ್ಸೈಡ್ ಬರುವಂತೆ ಇದ್ದಿಲು ಸುಟ್ಟರೆ ಕರಗಬೇಕಿದ್ದದ್ದು ಹತ್ತೂ ಚಿಲ್ಲರೆ ಔನ್ಸ್. ಉಸಿರಾಟವೂ ನಿಧಾನವಾಗಿ ನಡೆಯುವ ದಹನವೇ ಎಂದು ಹೇಳಲು ಅಷ್ಟು ಹೊಂದಿಕೆ ಸಾಕಾಯಿತು. ಉಳಿದ ವ್ಯತ್ಯಾಸ ಎಲ್ಲಿಂದ ಬಂತು? ಪ್ರಾಣಿ ಸುಡುವುದು ಬರೀ ಇಂಗಾಲವನ್ನಲ್ಲ, ಆಹಾರದ ಜಲಜನಕವನ್ನೂ ಸುಡುತ್ತದೆ. ಜೊತೆಗೆ ಮಂಜಿನ ನಡುವೆ ಕೂತ ಪ್ರಾಣಿಯ ಮೈಯೇ ತಣ್ಣಗಾಗುತ್ತಾ ಹೋಗುತ್ತದೆ, ಮೊದಲೇ ಮೈಯಲ್ಲಿದ್ದ ಬಿಸಿಯೂ ಮಂಜನ್ನು ಕರಗಿಸುತ್ತದೆ. ಉಸಿರನ್ನು ಬೇರೆ ಹೊತ್ತಿನಲ್ಲಿ, ಬೆಚ್ಚಗಿನ ಜಾಗದಲ್ಲಿ ಅಳೆದಿದ್ದರು. ಅಳೆಯಲು ಕೂರಿಸಿದ ಜಾಗವೇ ಪ್ರಾಣಿಯ ಖರ್ಚನ್ನು ಬದಲಿಸುವ ಈ ತೊಂದರೆ ಇನ್ನೂರ ನಲವತ್ತು ವರ್ಷ ಕಳೆದರೂ ನಮ್ಮನ್ನು ಬಿಟ್ಟಿಲ್ಲ.

1894ರಲ್ಲಿ ಜರ್ಮನಿಯ ಮ್ಯಾಕ್ಸ್ ರುಬ್ನರ್ ನಾಯಿಯ ಮೇಲೆ ಇದನ್ನೇ ಹೆಚ್ಚು ಬಿಗಿಯಾಗಿ ಮಾಡಿ, ಮೈಯಿಂದ ಹೊರಟ ಶಾಖವೂ ಉಸಿರು-ಮೂತ್ರಗಳಿಂದ ಕಟ್ಟಿದ ಲೆಕ್ಕವೂ ಹೊಂದುತ್ತವೆ ಎಂದು ತೋರಿಸಿದರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೆನ್ರಿ ಆರ್ಮ್ಸ್‌ಬಿ ಇಡೀ ಎತ್ತನ್ನೇ ಒಳಗೆ ನಿಲ್ಲಿಸಿ ಅಳೆಯುವ ಕೋಣೆ ಕಟ್ಟಿಸಿದರು. ಗೋಡೆ, ಗಾಳಿ, ಮೈಯಿಂದ ಆವಿಯಾದ ನೀರು, ಹೀಗೆ ಎಲ್ಲದರ ಶಾಖವನ್ನೂ ಹಿಡಿಯಬೇಕಾದ ಈ ಕೆಲಸ ದುಬಾರಿ, ರಗಳೆಯದು. ಈಗ ಅದನ್ನು ಮಾಡುವವರು ವಿರಳ.

ಅದರ ಬದಲಿಗೆ ಆಮ್ಲಜನಕವನ್ನು ಅಳೆಯುತ್ತಾರೆ. ಇದು ಕೆಲಸ ಮಾಡುವುದಕ್ಕೆ ಪ್ರಕೃತಿ ನಮಗೆ ಮಾಡಿಕೊಟ್ಟ ಒಂದು ಅನುಕೂಲವೇ ಕಾರಣ. ಪಿಷ್ಟ ಸುಟ್ಟರೆ ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 21 ಕಿಲೊಜೂಲ್ ಶಕ್ತಿ ಬಿಡುಗಡೆಯಾಗುತ್ತದೆ, ಕೊಬ್ಬು ಸುಟ್ಟರೆ 19.6ರಷ್ಟು, ಪ್ರೋಟೀನಿಗೆ ಇನ್ನೂ ತುಸು ಕಡಿಮೆ. ಅಂದರೆ ಹಸು ತಿಂದದ್ದು ಹುಲ್ಲೋ ಹಿಂಡಿಯೋ ಗೊತ್ತಿಲ್ಲದಿದ್ದರೂ ಲೀಟರಿಗೆ 20 ಎಂದು ಹಿಡಿದರೆ ಆಗುವ ತಪ್ಪು ಕೆಲವೇ ಶೇಕಡಾ. ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಅಳೆದರೆ ಏನು ಸುಡುತ್ತಿದೆ ಎಂಬುದೂ ತಿಳಿಯುತ್ತದೆ: ಬಿಟ್ಟ ಡೈಆಕ್ಸೈಡನ್ನು ತೆಗೆದುಕೊಂಡ ಆಮ್ಲಜನಕದಿಂದ ಭಾಗಿಸಿದಾಗ 1 ಬಂದರೆ ಪಿಷ್ಟ, 0.7 ಬಂದರೆ ಕೊಬ್ಬು. ಪ್ರಾಣಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಗಾಳಿ ಹಾಯಿಸಿ, ಒಳಹೋದ ಗಾಳಿಗೂ ಹೊರಬಂದ ಗಾಳಿಗೂ ಇರುವ ವ್ಯತ್ಯಾಸ ನೋಡುತ್ತಾರೆ. ಇಲ್ಲವೇ ಮೂತಿಗೆ ಮುಖವಾಡ ಹಾಕುತ್ತಾರೆ. ಜೇನುಹುಳದಂಥ ಸಣ್ಣ ಜೀವಿಗೆ ಸಣ್ಣ ಸೀಸೆ ಸಾಕು.

ದನದ ವಿಷಯದಲ್ಲಿ ಮಾತ್ರ ಒಂದು ಕೊಸರು ಇದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಆಮ್ಲಜನಕವಿಲ್ಲದೆ ಹುಲ್ಲನ್ನು ಕೊಳೆಸುತ್ತಿರುತ್ತವೆ. ಅಲ್ಲಿಂದ ಬರುವ ಇಂಗಾಲದ ಡೈಆಕ್ಸೈಡ್ ಹಸುವಿನ ಮೈ ಸುಟ್ಟದ್ದಲ್ಲ. ಜೊತೆಗೆ ತೇಗಿನಲ್ಲಿ ಮೀಥೇನ್ ಹೊರಹೋಗುತ್ತದೆ. ತಿಂದ ಮೇವಿನ ಒಟ್ಟು ಶಕ್ತಿಯಲ್ಲಿ ಸಾಮಾನ್ಯವಾಗಿ ಶೇ. 6ರಷ್ಟು ಹೀಗೇ ಗಾಳಿಪಾಲು. ಅದಕ್ಕಾಗಿ 1965ರಲ್ಲಿ ಬ್ರೌವರ್ ಎಂಬವರ ಹೆಸರಿನಲ್ಲಿ ರೂಢಿಗೆ ಬಂದ ಸೂತ್ರದಲ್ಲಿ ಆಮ್ಲಜನಕ, ಡೈಆಕ್ಸೈಡ್‌ಗಳ ಜೊತೆಗೆ ಮೀಥೇನನ್ನೂ ಮೂತ್ರದ ಸಾರಜನಕವನ್ನೂ ಕಳೆಯುವ ಲೆಕ್ಕ ಇದೆ. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ದನ-ಕುರಿಗಳ ಮೀಥೇನ್ ಬಗ್ಗೆ ಬಹಳ ಕೆಲಸ ನಡೆದಿದೆ. ಮೇಯಲು ಬಿಟ್ಟ ದನದ ಮೀಥೇನ್ ಅಳೆಯಲು ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ ತುಂಬಿದ ಪುಟ್ಟ ಕೊಳವೆಯನ್ನು ಹೊಟ್ಟೆಗೆ ಇಳಿಸುತ್ತಾರೆ. ಅದು ಸೋರುವ ವೇಗ ಮೊದಲೇ ಗೊತ್ತಿರುತ್ತದೆ. ಮೂಗಿನ ಹತ್ತಿರ ಹಿಡಿದ ಗಾಳಿಯಲ್ಲಿ ಆ ಅನಿಲಕ್ಕೆ ಮೀಥೇನ್ ಯಾವ ಪ್ರಮಾಣದಲ್ಲಿದೆ ಎಂದು ನೋಡಿದರೆ ಲೆಕ್ಕ ಸಿಗುತ್ತದೆ.

ಇನ್ನು ಪ್ರಾಣಿ-ಪ್ರಾಣಿಗಳನ್ನು ಹೋಲಿಸುವುದಕ್ಕೆ ಒಂದೇ ಅಳತೆಗೋಲು ಬೇಕು. ಬೆಳವಣಿಗೆ ಮುಗಿದ, ಗಬ್ಬವಿಲ್ಲದ ಪ್ರಾಣಿ, ಹೊಟ್ಟೆ ಖಾಲಿ, ಮಲಗಿದೆ, ಚಳಿಯೂ ಇಲ್ಲ ಸೆಕೆಯೂ ಇಲ್ಲ. ಆಗ ಬರೀ ಜೀವ ಹಿಡಿದುಕೊಳ್ಳಲು ತಗಲುವ ಖರ್ಚಿಗೆ ಮೂಲ ಚಯಾಪಚಯ ದರ ಎನ್ನುತ್ತೇವೆ. ದನಕ್ಕೆ ಈ 'ಹೊಟ್ಟೆ ಖಾಲಿ' ಎಂಬ ಷರತ್ತೇ ಅನ್ವಯಿಸುವುದು ಕಷ್ಟ. ಮೇವು ನಿಲ್ಲಿಸಿ ಎರಡು ದಿನವಾದರೂ ಮೊದಲ ಹೊಟ್ಟೆಯಲ್ಲಿ ಹುದುಗು ನಡೆಯುತ್ತಲೇ ಇರುತ್ತದೆ. ಅದಕ್ಕೇ ದನದ ಅಂಕಿಗಳನ್ನು ಮನುಷ್ಯರ ಅಂಕಿಗಳ ಪಕ್ಕ ಇಟ್ಟು ನೋಡುವಾಗ ತುಸು ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

1932ರಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಮ್ಯಾಕ್ಸ್ ಕ್ಲೈಬರ್, ಕ್ಯಾಲಿಫೋರ್ನಿಯಾದಲ್ಲಿ ಪಶು ಪೋಷಣೆಯ ಕೆಲಸ ಮಾಡುತ್ತಿದ್ದವರು, ಸಣ್ಣ ಪ್ರಾಣಿಯಿಂದ ಹಿಡಿದು ದನದವರೆಗಿನ ಅಂಕಿಗಳನ್ನು ಒಂದೇ ನಕ್ಷೆಯಲ್ಲಿಟ್ಟರು. ಖರ್ಚು ತೂಕದಷ್ಟೇ ವೇಗವಾಗಿ ಏರುವುದಿಲ್ಲ, ತೂಕದ ಮುಕ್ಕಾಲು ಘಾತದಲ್ಲಿ ಏರುತ್ತದೆ ಎಂದು ಕಂಡಿತು. ಸಸ್ತನಿಗಳಿಗೆ ಸ್ಥೂಲ ಸೂತ್ರ ಹೀಗೆ: ತೂಕವನ್ನು ಕೆ.ಜಿ.ಯಲ್ಲಿ ತೆಗೆದುಕೊಂಡು, ಅದರ 0.75 ಘಾತವನ್ನು 70ರಿಂದ ಗುಣಿಸಿದರೆ ದಿನದ ಕಿಲೊಕ್ಯಾಲೊರಿ. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಘಾತದ ಗುಂಡಿ ಸಿಗುತ್ತದೆ, ನೀವೇ ಹಾಕಿ ನೋಡಿ. 20 ಗ್ರಾಮಿನ ಸುಂಡಿಲಿಗೆ ಹತ್ತಿರಹತ್ತಿರ 3.7. ಮೂರು ಟನ್ನಿನ ಆನೆಗೆ ಸುಮಾರು 28,400. ಆನೆಯ ಅಂಕಿ ನೋಡಿ ಬೆರಗಾಗಬೇಡಿ, ಬೆರಗಾಗಬೇಕಾದದ್ದು ಸುಂಡಿಲಿಗೆ. ಆ ಆನೆಯ ತೂಕಕ್ಕೆ ಸಮನಾಗಿ ಒಂದೂವರೆ ಲಕ್ಷ ಸುಂಡಿಲಿಗಳನ್ನು ಕೂಡಿಹಾಕಿದರೆ ಅವುಗಳ ಒಟ್ಟು ಖರ್ಚು ಸುಮಾರು ಇಪ್ಪತ್ತು ಆನೆಗಳಷ್ಟಾಗುತ್ತದೆ. ಮುಕ್ಕಾಲು ಘಾತವೇ ಯಾಕೆ ಎಂಬುದರ ಬಗ್ಗೆ ಇನ್ನೂ ಜಗಳವಿದೆ. ಮೂರನೇ ಎರಡು ಎನ್ನುವವರೂ ಇದ್ದಾರೆ. ನಮ್ಮ ಇವತ್ತಿನ ಲೆಕ್ಕಕ್ಕೆ ಆ ಜಗಳದಿಂದ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ.

ಈಗ ನಿಮ್ಮ ಕೊಟ್ಟಿಗೆಗೆ ಬರೋಣ. ನಿಮ್ಮ ಗಿಡ್ಡ 100 ಕೆ.ಜಿ., ಜರ್ಸಿ ಕ್ರಾಸ್ 350 ಕೆ.ಜಿ. ಎಂದು ಇಟ್ಟುಕೊಳ್ಳುತ್ತೇನೆ. ದನಗಳಿಗೆ ಮೇವಿನ ಲೆಕ್ಕ ಕಟ್ಟುವವರು 70ರ ಬದಲು 77 ಬಳಸುತ್ತಾರೆ. ಆದರೆ ಇಣಿ (ಹೆಗಲ ಮೇಲಿನ ಡುಬ್ಬ) ಇರುವ ನಮ್ಮ ಕಡೆಯ ದನಗಳಿಗೆ ಅದರಲ್ಲಿ ಶೇ. 10ರಷ್ಟು ಕಡಿತ ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಮೇವಿನ ಪಟ್ಟಿಯೇ ಹೇಳುತ್ತದೆ. ಹಾಗಾಗಿ ಗಿಡ್ಡಕ್ಕೆ 70ನ್ನೇ ಇಟ್ಟುಕೊಂಡರೆ ದಿನಕ್ಕೆ ಸುಮಾರು 2,200 ಕಿಲೊಕ್ಯಾಲೊರಿ. ಜರ್ಸಿ ಕ್ರಾಸಿಗೆ 77 ಹಿಡಿದರೆ 6,200. ಇದು ಸುಮ್ಮನೆ ಬದುಕಿರಲು ಬೇಕಾದದ್ದು.

ನಡಿಗೆಗೆ ಎಷ್ಟು? ಬ್ರಿಟಿಷರ ಮೇವಿನ ಪಟ್ಟಿಯಲ್ಲಿ ದನಕ್ಕೆ ಹೀಗಿದೆ: ಒಂದು ಕೆ.ಜಿ. ಮೈತೂಕವನ್ನು ಸಮತಟ್ಟು ನೆಲದಲ್ಲಿ ಒಂದು ಮೀಟರ್ ಒಯ್ಯಲು 2.6 ಜೂಲ್, ಒಂದು ಮೀಟರ್ ಮೇಲಕ್ಕೆ ಏರಲು 28 ಜೂಲ್. ನಿಮ್ಮ ಗಿಡ್ಡ ದಿನಕ್ಕೆ ಆರು ಕಿಲೊಮೀಟರ್ ಓಡಾಡಿ, ಏರು-ತಗ್ಗುಗಳಲ್ಲಿ ಒಟ್ಟು ಇನ್ನೂರು ಮೀಟರ್ ಏರಿತು ಎನ್ನಿ. ಸುಮಾರು 4,200 ಜೂಲ್‌ಗೆ ಒಂದು ಕಿಲೊಕ್ಯಾಲೊರಿ ಎಂದು ಹಿಡಿದರೆ ನಡೆದದ್ದಕ್ಕೆ 370, ಏರಿದ್ದಕ್ಕೆ 130, ಒಟ್ಟು 500 ಕಿಲೊಕ್ಯಾಲೊರಿ. ಸುಮ್ಮನೆ ಬದುಕಿರುವುದಕ್ಕೆ ಬೇಕಾದದ್ದರ ಕಾಲು ಭಾಗವೂ ಇಲ್ಲ! ಮನುಷ್ಯರೂ ಹೀಗೇ ಮೋಸ ಹೋಗುತ್ತಾರೆ. ಕಣ್ಣಿಗೆ ಕಾಣುವುದು ನಡಿಗೆಯಾದ್ದರಿಂದ ಖರ್ಚೆಲ್ಲ ಅಲ್ಲೇ ಆಗುತ್ತದೆ ಅನ್ನಿಸುತ್ತದೆ. ಯಕೃತ್ತು, ಕರುಳು, ಮೂತ್ರಪಿಂಡ, ಮಿದುಳು, ಹೃದಯ ಇವು ಮಲಗಿದ್ದಾಗಲೂ ಉಣ್ಣುತ್ತಿರುವುದು ಕಾಣುವುದಿಲ್ಲ.

ನಡಿಗೆಯ ಜೊತೆಗೆ ಮೇಯುವ ಕೆಲಸವೂ ಇದೆ. ತಲೆ ತಗ್ಗಿಸಿ ಹುಲ್ಲು ಕೀಳುವುದು, ಹುಡುಕುವುದು, ಗಂಟೆಗಟ್ಟಲೆ ನಿಂತಿರುವುದು. ಹುಲ್ಲು ತೆಳ್ಳಗಿರುವ ಗುಡ್ಡಗಾಡಿನಲ್ಲಿ ನಡಿಗೆಯೂ ಸೇರಿ ಈ ಹೆಚ್ಚುವರಿ ಖರ್ಚು ಶೇ. 50ರವರೆಗೂ ಹೋಗಬಹುದು ಎಂಬುದು ರೂಢಿಯ ಲೆಕ್ಕ. ಅದನ್ನೇ ಪೂರ್ತಿ ಹಾಕಿ ಗಿಡ್ಡಕ್ಕೆ 3,300 ಕೊಟ್ಟುಬಿಡೋಣ.

ಇನ್ನು ಹಾಲು. ಶೇ. 4 ಕೊಬ್ಬಿನ ಒಂದು ಕೆ.ಜಿ. ಹಾಲಿನಲ್ಲಿ ಸುಮಾರು 750 ಕಿಲೊಕ್ಯಾಲೊರಿ ಇರುತ್ತದೆ. ಜರ್ಸಿ ದಿನಕ್ಕೆ ಎಂಟು ಲೀಟರ್ ಕೊಟ್ಟರೆ 6,000 ಕಿಲೊಕ್ಯಾಲೊರಿ ಡೈರಿಯ ಕ್ಯಾನಿಗೆ ಹೋಯಿತು. ಅದರ ಮೈ ಉಳಿಸಿಕೊಳ್ಳಲು ಬೇಕಾದಷ್ಟೇ ಮತ್ತೊಮ್ಮೆ! ನಿಮ್ಮ ಗಿಡ್ಡ ಕರುವಿಗೆ ಬಿಟ್ಟು ಒಂದೂವರೆ ಲೀಟರ್ ಕೊಟ್ಟರೆ ಸುಮಾರು 1,100. ಒಟ್ಟು ಗಿಡ್ಡಕ್ಕೆ 4,400, ಜರ್ಸಿಗೆ 12,200. ಕಟ್ಟಿದ ಜಾಗ ಬಿಟ್ಟು ಅಲುಗಾಡದ ಜರ್ಸಿಯ ಬೇಡಿಕೆ ಸುಮಾರು ಮೂರು ಪಟ್ಟು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಒಂದು ದೊಡ್ಡ ಮೈ, ಇನ್ನೊಂದು ಹಾಲು.

ಇದನ್ನು ಓದಿ ನಾಟಿ ದನದ ಅಭಿಮಾನಿಗಳು ಬೇಸರ ಮಾಡಿಕೊಳ್ಳಬಾರದು. ಗಿಡ್ಡ 'ಗಾಳಿ ತಿಂದು ಬದುಕುತ್ತದೆ' ಎಂಬಂಥ ಮಾತು ಈಚೆಗೆ ಬಹಳ ಓಡಾಡುತ್ತಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದೊಂದು ಕೆ.ಜಿ. ಮೈಗೆ ನೋಡಿದರೆ ಗಿಡ್ಡವೇ ಹೆಚ್ಚು ಖರ್ಚಿನದು. ಅದಕ್ಕೆ 22 ಕಿಲೊಕ್ಯಾಲೊರಿ, ಜರ್ಸಿಗೆ 18ಕ್ಕೂ ಕಡಿಮೆ. ಸಣ್ಣ ಪ್ರಾಣಿಯ ಹಣೆಬರಹವೇ ಅದು. ತಳಿಯಿಂದ ಬರುವ ಉಳಿತಾಯ ಆ ಶೇ. 10ರ ಆಸುಪಾಸಿನದು. ಗಿಡ್ಡದ ನಿಜವಾದ ಗಟ್ಟಿತನ ಬೇರೆ ಕಡೆ ಇದೆ. ತನ್ನ ಮೇವನ್ನು ತಾನೇ ಹುಡುಕಿ ತರುತ್ತದೆ, ಸೊಪ್ಪಿನ ಬೆಟ್ಟದ ಒರಟು ಹುಲ್ಲಿನಲ್ಲೂ ದಿನ ದೂಡುತ್ತದೆ, ನಮ್ಮ ಮಳೆಯನ್ನು ತಡೆಯುತ್ತದೆ. ನೀವು ದುಡ್ಡು ಕೊಟ್ಟು ತರಬೇಕಾದ್ದು ಕಡಿಮೆ.

ಮೇಲೆ ಕೊಟ್ಟ ಅಂಕಿಗಳು ಮೈಗೆ ದಕ್ಕಬೇಕಾದ ಶಕ್ತಿಯದು, ಬಾಯಿಗೆ ಹಾಕಬೇಕಾದದ್ದಲ್ಲ. ಒಣಗಿದ ಮೇವನ್ನು ಪ್ರಯೋಗಾಲಯದಲ್ಲಿ ಸುಟ್ಟರೆ ಕೆ.ಜಿ.ಗೆ ನಾಲ್ಕು ಸಾವಿರದ ಆಚೀಚೆ ಕಿಲೊಕ್ಯಾಲೊರಿ ಬರುತ್ತದೆ. ಭತ್ತದ ಹುಲ್ಲಾದರೆ ಅದರಲ್ಲಿ ಅರ್ಧದಷ್ಟು ಸಗಣಿಯಲ್ಲೇ ಹೊರಗೆ. ಆಮೇಲೆ ಮೀಥೇನ್, ಮೂತ್ರ, ಅರಗಿಸುವ ಕೆಲಸಕ್ಕೇ ತಗಲುವ ಶಾಖ. ಕೊನೆಗೆ ಕೈಗೆ ದಕ್ಕುವುದು ಸುಮಾರು ಕಾಲು ಭಾಗ. ಹಿಂಡಿಯಲ್ಲಿ ನಷ್ಟ ಬಹಳ ಕಡಿಮೆ. ಜರ್ಸಿಗೆ ಬರೀ ಹುಲ್ಲು ಹಾಕಿದರೆ ಹಾಲು ಇಳಿಯುವುದು ಇದಕ್ಕೇ: ಬೇಕಾದ ಶಕ್ತಿಗೆ ತಕ್ಕಷ್ಟು ಹುಲ್ಲನ್ನು ಹಿಡಿಸುವಷ್ಟು ಹೊಟ್ಟೆ ಅದಕ್ಕಿಲ್ಲ.

ಕಾಡಿನ ಪ್ರಾಣಿಯ ಕಥೆ ಬೇರೆ. ಅದು ಕೋಣೆಗೆ ಬರುವುದಿಲ್ಲ, ಬಂದರೂ ಕೋಣೆಯಲ್ಲಿ ಕಾಡಿನಂತೆ ಬದುಕುವುದಿಲ್ಲ. ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ನೇಥನ್ ಲಿಫ್ಸನ್. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡಿನ ಆಮ್ಲಜನಕ, ಮೈಯಲ್ಲಿರುವ ನೀರಿನ ಆಮ್ಲಜನಕದೊಂದಿಗೆ ಬೆರೆತು ಸಮವಾಗಿರುತ್ತದೆ ಎಂದು ಅವರ ತಂಡ 1949ರಲ್ಲಿ ತೋರಿಸಿತು. ಅದರಿಂದ ಹುಟ್ಟಿದ್ದು ಎರಡು ಗುರುತಿನ ನೀರಿನ ವಿಧಾನ. 1955ರಲ್ಲಿ ಇಲಿಗಳ ಮೇಲೆ ಅದನ್ನು ಪರೀಕ್ಷಿಸಿ ಪ್ರಕಟಿಸಿದರು.

ತೋಟದ ತೊಟ್ಟಿಯೊಂದಕ್ಕೆ ಎರಡು ಬಣ್ಣ ಕಲಸಿದ್ದೀರಿ ಅಂದುಕೊಳ್ಳಿ. ತೊಟ್ಟಿಗೆ ಎರಡು ತೂಬು. ಕೆಂಪು ಬಣ್ಣ ಮೊದಲ ತೂಬಿನಿಂದ ಮಾತ್ರ ಹೋಗಬಲ್ಲದು, ನೀಲಿ ಎರಡರಿಂದಲೂ ಹೋಗುತ್ತದೆ. ವಾರ ಬಿಟ್ಟು ನೋಡಿದರೆ ನೀಲಿ ಹೆಚ್ಚು ತೆಳುವಾಗಿರುತ್ತದೆ. ಎರಡು ಬಣ್ಣ ತೆಳುವಾದ ವೇಗದ ಅಂತರದಲ್ಲಿ ಎರಡನೆಯ ತೂಬಿನ ಹರಿವಿನ ಲೆಕ್ಕ ಇದೆ, ಆ ತೂಬನ್ನು ಯಾರೂ ನೋಡದಿದ್ದರೂ. ತೊಟ್ಟಿ ಎಂದರೆ ಪ್ರಾಣಿಯ ಮೈಯ ನೀರು. ಕೆಂಪು ಬಣ್ಣ ಡ್ಯೂಟೀರಿಯಂ, ಅಂದರೆ ಭಾರವಾದ ಜಲಜನಕ. ಅದು ಮೂತ್ರ, ಬೆವರು, ಹಾಲು, ಉಸಿರಿನ ತೇವ ಇವುಗಳಲ್ಲಿ ನೀರಾಗಿ ಮಾತ್ರ ಹೊರಬೀಳುತ್ತದೆ. ನೀಲಿ ಆಕ್ಸಿಜನ್-18. ಅದು ನೀರಾಗಿಯೂ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡೂ ವಿಕಿರಣ ಸೂಸುವಂಥವಲ್ಲ, ನಾವು ಕುಡಿಯುವ ತುಂಗೆಯ ನೀರಿನಲ್ಲೂ ಅತ್ಯಲ್ಪ ಪ್ರಮಾಣದಲ್ಲಿ ಇರುವಂಥವೇ. ಪ್ರಾಣಿಯನ್ನು ಹಿಡಿದು ಚುಚ್ಚಿ, ಮೈಯಲ್ಲಿ ಬೆರೆಯುವ ತನಕ ಕಾದು, ಒಂದಿಷ್ಟು ರಕ್ತ ತೆಗೆದು ಬಿಟ್ಟುಬಿಡುತ್ತಾರೆ. ಒಂದೆರಡು ದಿನವೋ ವಾರವೋ ಕಳೆದು ಮತ್ತೆ ರಕ್ತ. ಅಷ್ಟರ ನಡುವೆ ಅದು ಹಾರಿತೋ, ಓಡಿತೋ, ಮರಿಗೆ ಉಣಿಸಿತೋ, ಎಲ್ಲದರ ಒಟ್ಟು ಖರ್ಚು ಸಿಗುತ್ತದೆ. ಹೀಗೆ ಅಳೆದಾಗ ಸ್ವತಂತ್ರವಾಗಿ ಬದುಕುವ ಹಕ್ಕಿ, ಸಸ್ತನಿಗಳ ದಿನದ ಖರ್ಚು ಸಾಮಾನ್ಯವಾಗಿ ಮೂಲ ದರದ ಎರಡರಿಂದ ನಾಲ್ಕು ಪಟ್ಟು ಬರುತ್ತದೆ.

ದುರ್ಬಲ ಕೊಂಡಿ ಯಾವುದು ಗೊತ್ತೇ? ಎರಡನೆಯ ಸಲ ಹಿಡಿಯುವುದು. ಬಿಟ್ಟ ಹಕ್ಕಿ ತಾನಾಗಿಯೇ ಬಂದು ಕೈಗೆ ಸಿಗಬೇಕಲ್ಲ! ಗೂಡಿನಲ್ಲಿ ಮರಿ ಇದ್ದರೆ ಬಂದೇ ಬರುತ್ತದೆ. ಮಳೆಗಾಲದಲ್ಲಿ ಮಂಡಗದ್ದೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮರಿಗೆ ಉಣಿಸಲು ಹೋಗಿ ಬರುವ ಗಡಿಬಿಡಿಯನ್ನು ತೀರ್ಥಹಳ್ಳಿ ರಸ್ತೆಯಲ್ಲಿ ಓಡಾಡುವಾಗ ನೀವೂ ನೋಡಿರುತ್ತೀರಿ. ಮರಿ ಸಾಕುವ ಹಕ್ಕಿಗಳು ಮೂಲ ದರದ ನಾಲ್ಕು ಪಟ್ಟಿನ ಹತ್ತಿರ ದುಡಿಯುತ್ತವೆ ಎಂದು ಡ್ರೆಂಟ್ ಮತ್ತು ಡಾನ್ ಎಂಬ ಡಚ್ ವಿಜ್ಞಾನಿಗಳು 1980ರಲ್ಲಿ ವಾದಿಸಿದರು, ಆ ಮಾತು ಬಹಳ ಹೆಸರಾಯಿತು. ಆದರೆ ಹಕ್ಕಿಗಳ ಬಗ್ಗೆ ನಮ್ಮಲ್ಲಿರುವ ಅಂಕಿಗಳು ಗೂಡಿನ ಕಾಲದ ಕಡೆಗೆ ವಾಲಿವೆ ಎಂಬುದನ್ನೂ ಸೇರಿಸಿ ಹೇಳಬೇಕು. ಮರಿ ಇಲ್ಲದ ಕಾಲದಲ್ಲಿ ಅದೇ ಹಕ್ಕಿಯನ್ನು ಎರಡು ಸಲ ಹಿಡಿದವರು ಕಡಿಮೆ.

ಇನ್ನೊಂದು ಅಡ್ಡಿ ದುಡ್ಡು. ಆಕ್ಸಿಜನ್-18ರ ಬೆಲೆ ಗ್ರಾಮಿನ ಲೆಕ್ಕದಲ್ಲಿರುತ್ತದೆ, ಬೇಕಾದ ಪ್ರಮಾಣ ಮೈತೂಕದ ಜೊತೆ ಏರುತ್ತದೆ. ಇಲಿಗೆ ಅಗ್ಗ, ಮನುಷ್ಯರಿಗೆ ದುಬಾರಿ. ಮನುಷ್ಯರ ಮೇಲಿನ ಮೊದಲ ಅಧ್ಯಯನ ಪ್ರಕಟವಾಗುವಾಗ 1982 ಆಗಿತ್ತು. ಆನೆಗೆ ಎಷ್ಟಾದೀತು ಎಂದು ನೀವೇ ಊಹಿಸಿ. ದನಕ್ಕೆ ಹಣದ ಜೊತೆ ಮತ್ತೆ ಅದೇ ಮೀಥೇನಿನ ಕಾಟ: ಡ್ಯೂಟೀರಿಯಂ ಮೀಥೇನಿನ ಜೊತೆಗೂ ಸೋರುತ್ತದೆ, ಅದನ್ನು ಸರಿಪಡಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಮೇಯಲು ಬಿಟ್ಟ ದನಕ್ಕೆ ಹೆಚ್ಚು ಬಳಕೆಯಲ್ಲಿರುವುದು ಎದೆಬಡಿತದ ವಿಧಾನ. ಮುಖವಾಡ ಹಾಕಿ ಸ್ವಲ್ಪ ಹೊತ್ತು ಆಮ್ಲಜನಕವನ್ನೂ ಬಡಿತವನ್ನೂ ಒಟ್ಟಿಗೆ ಅಳೆದು, ಈ ಹಸುವಿಗೆ ಒಂದು ಬಡಿತಕ್ಕೆ ಎಷ್ಟು ಆಮ್ಲಜನಕ ಎಂದು ಕಂಡುಕೊಳ್ಳುತ್ತಾರೆ. ಆಮೇಲೆ ಎದೆಪಟ್ಟಿ ಕಟ್ಟಿ ಕೆಲವು ದಿನ ಬಡಿತವನ್ನಷ್ಟೇ ದಾಖಲಿಸಿ ಗುಣಿಸುತ್ತಾರೆ. ಆ ಹಸುವನ್ನೇ ಮೊದಲು ಅಳೆದಿರಬೇಕು ಎಂಬುದು ಇಲ್ಲಿನ ಷರತ್ತು. ಪಕ್ಕದ ಹಸುವಿನ ಅಂಕಿ ತಂದರೆ ಆಗದು. ಹೆದರಿದಾಗ ಬಡಿತ ಏರುತ್ತದೆ, ಖರ್ಚು ಅಷ್ಟು ಏರುವುದಿಲ್ಲ. ನಾಯಿ ಬೊಗಳಿದ ದಿನದ ಲೆಕ್ಕ ಕೆಡುತ್ತದೆ.

ಮಗಳ ವಾಚಿಗೆ ಈಗ ಬರಬಹುದು. ಅದರೊಳಗಿರುವುದು ಅಲುಗಾಟ ಹಿಡಿಯುವ ಸಂವೇದಕ, ಮತ್ತು ಹಸಿರು ಬೆಳಕು ಬಿಟ್ಟು ಚರ್ಮದಡಿಯ ರಕ್ತದ ಮಿಡಿತ ನೋಡುವ ಕಣ್ಣು. ಅಲುಗಾಟದಿಂದ ಶಕ್ತಿ ಲೆಕ್ಕ ಹಾಕುವುದು ಬುಡವಿಲ್ಲದ ಮಾತಲ್ಲ. ಬ್ರಿಟನ್ನಿನ ಸ್ವಾನ್ಸಿಯ ರೋರಿ ವಿಲ್ಸನ್ ಮತ್ತು ಸಂಗಡಿಗರು 2006ರಲ್ಲಿ ನೀರುಕಾಗೆಗಳಿಗೆ ಇಂಥ ಸಂವೇದಕ ಕಟ್ಟಿ, ಓಡುವ ಪಟ್ಟಿಯ (ಟ್ರೆಡ್‌ಮಿಲ್) ಮೇಲೆ ನಡೆಸಿ, ಅದೇ ಹೊತ್ತಿಗೆ ಆಮ್ಲಜನಕವನ್ನೂ ಅಳೆದು ಎರಡೂ ಜೊತೆಜೊತೆಗೆ ಏರುತ್ತವೆ ಎಂದು ತೋರಿಸಿದರು. ಆದರೆ ಅವರು ನೀರುಕಾಗೆಗೆ ನೀರುಕಾಗೆಯಲ್ಲೇ ಸೂತ್ರ ಕಟ್ಟಿದರು. ನಿಮ್ಮ ಮಗಳ ವಾಚಿನ ಸೂತ್ರ ಎರಡು ಕಾಲಿನ ಮನುಷ್ಯರ ಮಣಿಕಟ್ಟಿನದು, ಅದರೊಳಗೆ ಆಕೆಯ ವಯಸ್ಸು, ಎತ್ತರ, ತೂಕ ತುಂಬಿದೆ. ಕೊರಳಿಗೆ ಕಟ್ಟಿದರೆ ಹಸಿರು ಬೆಳಕು ಕೂದಲಲ್ಲೇ ಕಳೆದುಹೋಗುತ್ತದೆ. ಹಸು ದಿನಕ್ಕೆ ಆರೆಂಟು ಗಂಟೆ ಮೆಲುಕು ಹಾಕುತ್ತದೆ, ಆ ದವಡೆಯಾಟವನ್ನು ವಾಚು ಹೆಜ್ಜೆ ಎಂದು ಎಣಿಸಿದರೂ ಆಶ್ಚರ್ಯವಿಲ್ಲ. ಎಲ್ಲಕ್ಕಿಂತ ದೊಡ್ಡ ದೋಷ ಬೇರೆ: ಜರ್ಸಿಯ 12,200ರಲ್ಲಿ ಅಲುಗಾಟ ಎಷ್ಟು? ಹೆಚ್ಚುಕಡಿಮೆ ಏನೂ ಇಲ್ಲ. ಹಾಲು, ಗಬ್ಬದ ಕರು, ಜ್ವರ, ಮಳೆಯಲ್ಲಿ ನೆನೆದ ಮೈಯ ಚಳಿ, ಇವು ಯಾವುವೂ ಅಲುಗಾಡುವುದಿಲ್ಲ. ದೊಡ್ಡ ಡೈರಿಗಳಲ್ಲಿ ದನಕ್ಕೆಂದೇ ಮಾಡಿದ ಕೊರಳಪಟ್ಟಿಗಳಿವೆ. ಅವು ಬೆದೆಗೆ ಬಂದದ್ದು, ಮೆಲುಕು ಕಡಿಮೆಯಾದದ್ದು ಹೇಳುತ್ತವೆ, ಆ ಕೆಲಸಕ್ಕೆ ಒಳ್ಳೆಯವು.

ಮಗಳಿಗೂ ಒಂದು ಮಾತು ಹೇಳಿ. 2012ರಲ್ಲಿ ಹರ್ಮನ್ ಪಾಂಟ್ಜರ್ ತಂಡ ಟಾಂಜಾನಿಯಾದ ಹಾಡ್ಜಾ ಬೇಟೆಗಾರರನ್ನು ಎರಡು ಗುರುತಿನ ನೀರಿನಿಂದ ಅಳೆದಾಗ, ದಿನವೂ ಮೈಲಿಗಟ್ಟಲೆ ನಡೆಯುವ ಅವರ ಒಟ್ಟು ಖರ್ಚು, ಮೈಯ ಗಾತ್ರವನ್ನು ಸರಿದೂಗಿಸಿ ನೋಡಿದರೆ ಪಾಶ್ಚಾತ್ಯ ನಗರವಾಸಿಗಳಿಗಿಂತ ಹೆಚ್ಚೇನೂ ಇರಲಿಲ್ಲ. ಯಾಕೆ ಎಂಬ ಚರ್ಚೆ ಮುಗಿದಿಲ್ಲ. ನಡೆದದ್ದನ್ನೆಲ್ಲ ಕೂಡಿಸುತ್ತಾ ಹೋಗುವ ವಾಚಿನ ಲೆಕ್ಕವನ್ನು ಮನುಷ್ಯರಲ್ಲೂ ಪೂರ್ತಿ ನಂಬಬಾರದು.

ಆನೆಯನ್ನು ಮುಖವಾಡ ಹಾಕಿ ಅಳೆದಿದ್ದಾರೆ. ಪಳಗಿದ ಆಫ್ರಿಕಾ ಆನೆಗಳ ಮೇಲೆ ನಡೆದ, 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಕೆ.ಜಿ.ಯನ್ನು ಒಂದು ಮೀಟರ್ ಒಯ್ಯಲು ಅವುಗಳಿಗೆ ಸುಮಾರು 0.8 ಜೂಲ್ ಸಾಕು ಎಂದು ಕಂಡಿತು. ದನದ 2.6ರ ಮೂರನೇ ಒಂದು ಭಾಗ. ನೆಲದ ಮೇಲೆ ನಡೆಯುವ ಪ್ರಾಣಿಗಳಲ್ಲಿ ಇದಕ್ಕಿಂತ ಅಗ್ಗದ ನಡಿಗೆ ಸಿಗುವುದು ಕಷ್ಟ. ಸಕ್ರೆಬೈಲಿನ ಮೂರು ಟನ್ನಿನ ಹೆಣ್ಣಾನೆಯೊಂದು ಕಾಡಿನಲ್ಲಿ ಮೇವಿಗಾಗಿ ಹತ್ತು ಕಿಲೊಮೀಟರ್ ಸುತ್ತಿತು ಎನ್ನಿ. ಮಟ್ಟಸ ನೆಲದ ಲೆಕ್ಕದಲ್ಲಿ 5,700 ಕಿಲೊಕ್ಯಾಲೊರಿ, ಅದರ ಮೂಲ ಖರ್ಚಿನ ಐದನೇ ಒಂದು ಭಾಗ. ಅದು ದಿನವಿಡೀ ಮೇಯುತ್ತಲೇ ಇರುವುದು ನಡೆದು ದಣಿದಿದ್ದಕ್ಕಲ್ಲ. ಆನೆ ಮೆಲುಕು ಹಾಕುವುದಿಲ್ಲ, ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅರಗದೆ ಲದ್ದಿಯಾಗಿ ಬೀಳುತ್ತದೆ. ಬೆಳಗಿನ ಹೊತ್ತು ಬಿಡಾರದಲ್ಲಿ ಲದ್ದಿ ಒಡೆದು ನೋಡಿದರೆ ಬಿದಿರಿನ ಸಿಬಿರು, ಹುಲ್ಲಿನ ಎಸಳು ಹಾಗೇ ಕಾಣುತ್ತವೆ.

ಕಾಳಿಂಗದ ಲೆಕ್ಕ ಇದಕ್ಕೆ ಪೂರ್ತಿ ತದ್ವಿರುದ್ಧ. ಮೈ ಬೆಚ್ಚಗಿಡಲು ಅದು ಒಳಗಿನಿಂದ ಏನನ್ನೂ ಸುಡುವುದಿಲ್ಲ. ಸರೀಸೃಪಗಳ ವಿಶ್ರಾಂತಿಯ ಖರ್ಚು ಅದೇ ತೂಕದ ಸಸ್ತನಿಯ ಹತ್ತನೇ ಒಂದು ಭಾಗದ ಆಸುಪಾಸು. ಏಳು ಕೆ.ಜಿ.ಯ ಸಸ್ತನಿಗೆ 300 ಕಿಲೊಕ್ಯಾಲೊರಿ ಬೇಕಾದರೆ ಏಳು ಕೆ.ಜಿ.ಯ ಕಾಳಿಂಗಕ್ಕೆ 30ರ ಹತ್ತಿರ. ಒಂದು ಕೇರೆಹಾವು ನುಂಗಿದರೆ ಎಷ್ಟೋ ದಿನ ನಿಶ್ಚಿಂತೆ. ಹಾವುಗಳಲ್ಲಿ ದೊಡ್ಡ ಖರ್ಚು ಬರುವುದು ಉಂಡ ಮೇಲೆ. ಬರ್ಮಾ ಹೆಬ್ಬಾವನ್ನು ಕೋಣೆಯಲ್ಲಿಟ್ಟು ಅಳೆದಾಗ ದೊಡ್ಡ ಊಟದ ನಂತರ ಆಮ್ಲಜನಕದ ಬಳಕೆ ಹತ್ತು ಪಟ್ಟಿಗೂ ಮೀರಿ ಏರಿದ್ದು ಕಂಡಿದೆ. ಉಪವಾಸದಲ್ಲಿ ಕುಗ್ಗಿಸಿಟ್ಟ ಕರುಳನ್ನೇ ಅದು ಮತ್ತೆ ಬೆಳೆಸಿಕೊಳ್ಳಬೇಕು. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದ್ದನ್ನು ನೀವು ಓದಿರಬಹುದು. ಅದರಿಂದ ತಿಳಿಯುವುದು ಹಾವು ಎಲ್ಲಿಗೆ ಹೋಯಿತು, ಏನು ಮಾಡಿತು ಎಂಬುದು, ಎಷ್ಟು ಖರ್ಚಾಯಿತು ಎಂಬುದಲ್ಲ. ಮೈಯ ಉಷ್ಣತೆಯೂ ಗೊತ್ತಿದ್ದರೆ ಅಂದಾಜು ಕಟ್ಟಬಹುದು, ಯಾಕೆಂದರೆ ಹಾವಿನ ಖರ್ಚು ಬಿಸಿಲು ಏರಿದಂತೆ ಏರಿ, ಮಳೆ ಹಿಡಿದಾಗ ಇಳಿಯುತ್ತದೆ.

ನೀವು ಮನೆಯಲ್ಲಿ ಮಾಡಬಹುದಾದದ್ದೂ ಇದೆ. ವಾಚ್ ಬೇಡ, ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಹಿಂಬದಿಯ ಮೂಳೆಯವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,800ರಿಂದ ಭಾಗಿಸಿದರೆ ತೂಕ ಕೆ.ಜಿ.ಯಲ್ಲಿ ಬರುತ್ತದೆ. 115 ಸುತ್ತಳತೆ, 90 ಉದ್ದವಿದ್ದರೆ 110 ಕೆ.ಜಿ. ದೊಡ್ಡ ತಳಿಗಳಿಗೆ ಮಾಡಿದ ಸೂತ್ರ ಇದು, ಗಿಡ್ಡಕ್ಕೆ ತುಸು ಆಚೀಚೆ ಆಗುತ್ತದೆ, ಆದರೆ ಒಂದೇ ಹಸುವಿನ ಏರಿಳಿತ ತಿಳಿಯಲು ಸಾಕು. ಬೆಳಿಗ್ಗೆ ಹಾಲು ಕರೆದ ಮೇಲೆ, ಅಕ್ಕಚ್ಚು, ನೀರು ಕೊಡುವ ಮೊದಲೇ ಅಳೆಯಿರಿ. ಹೊಟ್ಟೆ ತುಂಬಿದಾಗ ಎದೆಯ ಸುತ್ತಳತೆಯೂ ಹಿಗ್ಗುತ್ತದೆ, ಗಿಡ್ಡದಂಥ ಸಣ್ಣ ಮೈಗೆ ಅಷ್ಟೇ ದೊಡ್ಡ ತಪ್ಪು. ವಾರಕ್ಕೊಮ್ಮೆಯಂತೆ ಎರಡು ತಿಂಗಳು ಬರೆದಿಡಿ. ಜರ್ಸಿಗೆ ಹಾಕಿದ ಹುಲ್ಲು, ಹಿಂಡಿ, ಬೂಸಾವನ್ನು ತೂಗಿ, ಕೊಟ್ಟ ಹಾಲನ್ನೂ ಪಕ್ಕದಲ್ಲಿ ಬರೆಯಿರಿ. ತೂಕ ನಿಂತ ಜಾಗದಲ್ಲೇ ನಿಂತು ಹಾಲೂ ಇಳಿಯದಿದ್ದರೆ, ಹಾಕಿದ್ದು ಖರ್ಚಾದದ್ದಕ್ಕೆ ಸಮ. ತೂಕ ಇಳಿಯುತ್ತಾ ಹಾಲು ಹಾಗೇ ಇದ್ದರೆ ಅದು ತನ್ನ ಮೈಯ ಕೊಬ್ಬನ್ನು ಕರಗಿಸಿ ಹಾಲು ಮಾಡುತ್ತಿದೆ ಎಂದರ್ಥ. ಕರು ಹಾಕಿದ ಮೊದಲ ತಿಂಗಳುಗಳಲ್ಲಿ ಇದು ಸಹಜ, ಆದರೆ ಮೂರನೆಯ ತಿಂಗಳಿಗೂ ನಿಲ್ಲದಿದ್ದರೆ ಹಿಂಡಿ ಹೆಚ್ಚಿಸಿ, ಹತ್ತಿರದ ಪಶುವೈದ್ಯರಿಗೆ ಒಮ್ಮೆ ತೋರಿಸಿ. ಗಿಡ್ಡದ ಮೇವನ್ನು ಹೀಗೆ ತೂಗಲಾಗುವುದಿಲ್ಲ, ಅದು ಗುಡ್ಡದಲ್ಲಿ ತಿಂದದ್ದು ಅದಕ್ಕೇ ಗೊತ್ತು. ಅದರ ತೂಕವನ್ನಷ್ಟೇ ನೋಡಿಕೊಳ್ಳಿ: ಹುಲ್ಲು ಒಣಗುವ ಮಾರ್ಚ್-ಏಪ್ರಿಲ್‌ನಲ್ಲಿ ಎಷ್ಟು ಇಳಿಯುತ್ತದೆ, ಮಳೆ ಬಿದ್ದು ಹಸಿರು ಚಿಗುರಿದ ಮೇಲೆ ಎಷ್ಟು ದಿನಕ್ಕೆ ಮರಳುತ್ತದೆ ಎಂದು ಬರೆದಿಟ್ಟರೆ, ಬೇಸಿಗೆಯಲ್ಲಿ ಸಂಜೆ ಅದಕ್ಕೂ ಎಷ್ಟು ಹುಲ್ಲು ಹಾಕಬೇಕು ಎಂಬುದು ಆ ಪಟ್ಟಿಯಿಂದಲೇ ಗೊತ್ತಾಗುತ್ತದೆ.